ವಾಲ್ಟ್ಜ್‌ನಲ್ಲಿ ಮೊಣಕೈ ಯಾಕೆ ಬೀಳುತ್ತದೆ?

ಮೊದಲು ಒಂದು ಮಂಚದ ಕಥೆ. ಹೋದ ವರ್ಷ ಮನೆ ಬದಲಾಯಿಸುವಾಗ ನಾನೂ ನನ್ನ ಭಾವಮೈದನೂ ಸೇರಿ ಹಳೇ ತೇಗದ ಮಂಚವನ್ನು ಎರಡನೇ ಮಹಡಿಯಿಂದ ಕೆಳಗಿಳಿಸಿದೆವು. ಅವನು ಕೆಳಗಡೆ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ನಾನು ಮೇಲುಗಡೆ. ಮೆಟ್ಟಿಲು ತಿರುಗುವ ಕಡೆ ಮಾತಾಡುವುದಕ್ಕೂ ಉಸಿರಿರಲಿಲ್ಲ. ಆದರೂ ನಾನು ಎಡಕ್ಕೆ ಹೊರಳಿದ್ದು ಅವನಿಗೆ ಗೊತ್ತಾಯಿತು, ಅವನು ತಡೆದು ನಿಂತಿದ್ದು ನನಗೆ ಗೊತ್ತಾಯಿತು. ಯಾರು ಹೇಳಿದರು? ಮಂಚವೇ ಹೇಳಿತು. ಆಮೇಲೆ ಹತ್ತಿ ಹಾಸಿಗೆಯ ಸರದಿ. ಮಂಚಕ್ಕಿಂತ ಅದು ಹಗುರ, ಆದರೆ ಪಟ್ಟ ಪಾಡು ಮಾತ್ರ ಎರಡರಷ್ಟು. ನಾನು ತಳ್ಳಿದರೆ ಅದು ಮಧ್ಯದಲ್ಲಿ ಮಡಿಚಿಕೊಳ್ಳುತ್ತಿತ್ತು, ಅವನು ಎಳೆದರೆ ನನ್ನ ಕೈಯಿಂದ ಜಾರುತ್ತಿತ್ತು, ಇಬ್ಬರೂ 'ಈ ಕಡೆ, ಈ ಕಡೆ' ಅಂತ ಕಿರುಚಿಕೊಂಡೇ ಇಳಿದೆವು.

ವಾಲ್ಟ್ಜ್, ಫಾಕ್ಸ್‌ಟ್ರಾಟ್ ಥರದ ಪಾಶ್ಚಾತ್ಯ ಜೋಡಿ ಕುಣಿತಗಳಿಗೆ ಬಾಲ್‌ರೂಮ್ ಡಾನ್ಸ್ ಅನ್ನುತ್ತಾರೆ. ಅದನ್ನು ಕುಣಿಯುವವರು ಫ್ರೇಮ್ ಅನ್ನುವುದು ಈ ಮಂಚವನ್ನೇ. ಇಬ್ಬರ ಬೆನ್ನು, ಹೆಗಲು, ತೋಳು ಸೇರಿ ನಡುವೆ ಒಂದು ಚೌಕಟ್ಟು ಆಗಬೇಕು. ಒಬ್ಬರು ಒಂದು ಕಡೆ ತಿರುಗಿದರೆ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳದೆ ಅದು ತಲುಪಬೇಕು. ಕ್ಲಾಸಿಗೆ ಹೊಸದಾಗಿ ಸೇರಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹಾಸಿಗೆಗಳೇ. ನಾನೂ ಹಾಸಿಗೆಯೇ ಆಗಿದ್ದೆ, ಸುಮಾರು ಆರು ತಿಂಗಳು.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಜೋಡಿಯಲ್ಲಿ ಒಬ್ಬರು ಲೀಡ್ ಮಾಡುತ್ತಾರೆ, ಅಂದರೆ ದಾರಿ ತೋರಿಸುತ್ತಾರೆ, ಇನ್ನೊಬ್ಬರು ಫಾಲೋ ಮಾಡುತ್ತಾರೆ. ವಾಲ್ಟ್ಜ್, ಫಾಕ್ಸ್‌ಟ್ರಾಟ್‌ಗಳಲ್ಲಿ ಫಾಲೋ ಮಾಡುವವರು ಬಹುಪಾಲು ಹೊತ್ತು ಹಿಂದಕ್ಕೇ ನಡೆಯುತ್ತಾರೆ. ಬೆನ್ನ ಹಿಂದೆ ಏನಿದೆ ಅಂತ ಅವರಿಗೆ ಕಾಣುವುದಿಲ್ಲ. ಹಾಲ್‌ನಲ್ಲಿ ಬೇರೆ ಹತ್ತು ಜೋಡಿಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾ ಇರುತ್ತವೆ. ನಿಧಾನದ ವಾಲ್ಟ್ಜ್ ಅಂತ ಹೆಸರು, ಆದರೂ ನಿಮಿಷಕ್ಕೆ 28ರಿಂದ 30 ಬಾರ್ (ತಾಳದ ಒಂದು ಸುತ್ತು), ಒಂದೊಂದು ಬಾರ್‌ನಲ್ಲಿ ಮೂರು ಬೀಟ್, ಅಂದರೆ ನಿಮಿಷಕ್ಕೆ ತೊಂಬತ್ತರ ಹತ್ತಿರ ಹೆಜ್ಜೆ. ಇಷ್ಟರ ನಡುವೆ 'ಈಗ ಬಲಕ್ಕೆ ತಿರುಗಿ' ಅಂತ ಕಿವಿಯಲ್ಲಿ ಹೇಳುತ್ತಾ ಕೂರುವುದಕ್ಕೆ ಸಮಯ ಎಲ್ಲಿ? ಹೇಳುವ ಹೊತ್ತಿಗೆ ಆ ಬೀಟ್ ದಾಟಿಹೋಗಿರುತ್ತದೆ.

ಈಗ ನಾವು ಟಿವಿಯಲ್ಲಿ ನೋಡುವ ಈ ಶೈಲಿ ಗಟ್ಟಿಯಾಗಿದ್ದು ಇಂಗ್ಲೆಂಡಿನಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಆಗ ಅಮೆರಿಕದಿಂದ ಫಾಕ್ಸ್‌ಟ್ರಾಟ್ ಬಂದಿತ್ತು, ಪ್ಯಾರಿಸ್ ಮೂಲಕ ಟ್ಯಾಂಗೋ ಬಂದಿತ್ತು, ಒಬ್ಬೊಬ್ಬರು ಒಂದೊಂದು ಥರ ಕುಣಿಯುತ್ತಿದ್ದರು. 1920ರಲ್ಲಿ ಡಾನ್ಸಿಂಗ್ ಟೈಮ್ಸ್ ಪತ್ರಿಕೆಯ ಸಂಪಾದಕ ಫಿಲಿಪ್ ರಿಚರ್ಡ್‌ಸನ್ ಲಂಡನ್ನಿನ ಡಾನ್ಸ್ ಮೇಷ್ಟ್ರುಗಳನ್ನೆಲ್ಲ ಒಂದು ಕಡೆ ಕೂರಿಸಿ ಮಾತಾಡಿಸಿದರು. ಅದೇ ವರ್ಷ ಬ್ಲ್ಯಾಕ್‌ಪೂಲ್‌ನ ಎಂಪ್ರೆಸ್ ಬಾಲ್‌ರೂಮಿನಲ್ಲಿ ಡಾನ್ಸ್ ಉತ್ಸವ ಶುರುವಾಯಿತು. ಇವತ್ತಿಗೂ ಬಾಲ್‌ರೂಮ್‌ನವರಿಗೆ ಅದೇ ಕಾಶಿ. 1924ರಲ್ಲಿ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್ ಬಾಲ್‌ರೂಮ್‌ಗೇ ಒಂದು ಪ್ರತ್ಯೇಕ ವಿಭಾಗ ಮಾಡಿತು. ಇವರೆಲ್ಲ ಸೇರಿ ಮಾಡಿದ ಒಂದು ದೊಡ್ಡ ಬದಲಾವಣೆ ನಮ್ಮ ವಿಷಯಕ್ಕೆ ಬೇಕು. ಬ್ಯಾಲೆಯಿಂದ ಬಂದಿದ್ದ, ಪಾದಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವ ಪದ್ಧತಿ ಬಿಟ್ಟರು. ರಸ್ತೆಯಲ್ಲಿ ನಡೆಯುವ ಹಾಗೆ ಪಾದ ನೇರ ಇರಲಿ ಅಂದರು. ಹಾಗಾಗಿ ಬಾಲ್‌ರೂಮ್ ಭಂಗಿಗೆ ಬುಡ ಯಾವುದು ಅಂದರೆ ಸಾಧಾರಣ ನಡಿಗೆ. ಕಷ್ಟ ಇರುವುದೂ ಅಲ್ಲೇ. ನಮಗೆ ನೆಟ್ಟಗೆ ನಡೆಯುವುದಕ್ಕೇ ಬರುವುದಿಲ್ಲ.

ಬೆಂಗಳೂರಿನ ದಂಡು ಪ್ರದೇಶದ, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಜೋಡಿ ಕುಣಿತ ತಲೆಮಾರುಗಳಿಂದ ಇದೆ. ಅಂಥ ಮನೆಗಳಲ್ಲಿ ಮಕ್ಕಳು ಮದುವೆ ಪಾರ್ಟಿಯಲ್ಲಿ ದೊಡ್ಡವರ ಜೊತೆ ಕುಣಿದೇ ಕಲಿಯುತ್ತಾರೆ. ನನ್ನಂಥವರು ಕಲಿಯುವುದು ನಲವತ್ತು ದಾಟಿದ ಮೇಲೆ, ಅದೂ ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿಕೊಂಡ ಮೇಲೆ. ಮನುಷ್ಯನ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಅದು ಬೆನ್ನುಮೂಳೆಯ ಮೇಲೆ ನೇರವಾಗಿ ಕೂತರೆ ಭಾರವೇ ಅನ್ನಿಸುವುದಿಲ್ಲ. ಎರಡು ಇಂಚು ಮುಂದೆ ಹೋದರೆ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಇಡೀ ದಿನ ಹಿಡಿದೆಳೆಯಬೇಕು. ತುಂಬಿದ ಕೊಡ ತಲೆ ಮೇಲೆ ಹೊತ್ತವರನ್ನು ನೋಡಿದ್ದೀರಲ್ವಾ? ಕತ್ತು ಉದ್ದ, ಗಲ್ಲ ಸಮ, ಹೆಗಲು ಕೆಳಗೆ, ಸೊಂಟದಿಂದ ಕೆಳಗೆ ಮಾತ್ರ ನಡಿಗೆ. ಬಾಲ್‌ರೂಮ್ ಮೇಷ್ಟ್ರು ಕೇಳುವುದು ಅದನ್ನೇ. ದುಡ್ಡು ಕೊಟ್ಟು ಕಲಿಯುತ್ತಿದ್ದೇವೆ ಅಷ್ಟೇ.

ಸರಿ, ನಿಲ್ಲುವುದು ಹೇಗೆ? ಕೆಳಗಿನಿಂದ ಶುರು ಮಾಡಿ. ಪಾದ ಎರಡೂ ಜೊತೆಗೆ, ನೇರವಾಗಿ. ಹಿಮ್ಮಡಿ ನೆಲದ ಮೇಲೇ ಇರಲಿ, ಆದರೆ ದೇಹದ ಭಾರ ಸ್ವಲ್ಪ ಮುಂದಕ್ಕೆ, ಹೆಬ್ಬೆರಳ ಬುಡದ ದಪ್ಪ ಭಾಗದ ಕಡೆಗೆ ಬರಲಿ. ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರಿಸಬಹುದು ಅನ್ನಿಸುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ಮಂಡಿ ಬೀಗ ಹಾಕಿದ ಹಾಗೆ ಹಿಂದಕ್ಕೆ ತಳ್ಳಬೇಡಿ. ಹೊಟ್ಟೆ ಒಳಗೆಳೆದು ಉಸಿರು ಕಟ್ಟುವುದೂ ಬೇಡ. ಬಿಗಿ ಪ್ಯಾಂಟಿನ ಗುಂಡಿ ಹಾಕುವಾಗ ಹೊಕ್ಕುಳ ಕೆಳಗೆ ಎಷ್ಟು ಎಳೆದುಕೊಳ್ಳುತ್ತೀರೋ ಅಷ್ಟು ಸಾಕು. ಪಕ್ಕೆಲುಬು ಮುಂದಕ್ಕೆ ಉಬ್ಬಬಾರದು. ಇಲ್ಲೇ ನಾವೆಲ್ಲ ಎಡವುವುದು. 'ನೆಟ್ಟಗೆ ನಿಂತ್ಕೊಳ್ಳಿ' ಅಂದ ತಕ್ಷಣ ಎನ್‌ಸಿಸಿ ಪರೇಡಿನ ಹಾಗೆ ಎದೆ ಉಬ್ಬಿಸಿ, ಹೆಗಲು ಹಿಂದಕ್ಕೆ ಎಳೆದು, ಸೊಂಟದ ಹತ್ತಿರ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿಬಿಡುತ್ತೇವೆ. ನೋಡುವುದಕ್ಕೆ ಗತ್ತು, ಆದರೆ ಹಾಗೆ ನಿಂತು ಹೆಜ್ಜೆ ಇಟ್ಟರೆ ಎದೆ ಒಂದು ಕಡೆ, ಸೊಂಟ ಒಂದು ಕಡೆ ಹೋಗುತ್ತದೆ. ಪಾರ್ಟ್ನರ್‌ಗೆ ಯಾವುದನ್ನು ನಂಬಬೇಕು ಅಂತ ಗೊತ್ತಾಗುವುದಿಲ್ಲ. ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಕ್ಕೆ ಎಳೆಯುತ್ತಿದ್ದಾರೆ ಅಂದುಕೊಳ್ಳುವುದು ಇದಕ್ಕೆ ಮದ್ದು. ಉದ್ದ ಆಗಬೇಕು, ಉಬ್ಬಬಾರದು.

ಇನ್ನೊಂದು ಮಾತು. ನಿಮ್ಮ ಭಾರ ನಿಮ್ಮ ಕಾಲ ಮೇಲೇ ಇರಬೇಕು. ಜೋಡಿ ಕುಣಿತ ಅಂದರೆ ಒಬ್ಬರ ಮೇಲೊಬ್ಬರು ಒರಗುವುದು ಅಂತ ನಾನು ಅಂದುಕೊಂಡಿದ್ದೆ. ಪಾರ್ಟ್ನರ್ ದಿಢೀರ್ ಅಂತ ಮಾಯವಾದರೂ ನೀವು ಬೀಳದೆ ಹಾಗೇ ನಿಂತಿದ್ದರೆ ಸರಿ ಇದ್ದೀರಿ ಅಂತ ಲೆಕ್ಕ.

ಈಗ ಕೈಗೆ ಬರೋಣ. ವಾಲ್ಟ್ಜ್‌ನ ಹಿಡಿತಕ್ಕೆ ಹೋಲ್ಡ್ ಅನ್ನುತ್ತಾರೆ. ಎದುರುಬದುರು ನಿಲ್ಲುತ್ತೀರಿ, ಆದರೆ ಮೂಗಿಗೆ ಮೂಗು ನೇರ ಅಲ್ಲ. ಲೀಡ್ ಮಾಡುವವರ ಬಲಕ್ಕೆ ಫಾಲೋ ಮಾಡುವವರು ತುಸು ಸರಿದಿರುತ್ತಾರೆ. ಇಬ್ಬರ ಬಲಗಾಲೂ ಎದುರಿನವರ ಎರಡು ಪಾದಗಳ ನಡುವಿನ ಜಾಗಕ್ಕೆ ಗುರಿ ಇಟ್ಟಿರುತ್ತದೆ. ಕಾಲು ತುಳಿಯದೆ ಇರುವುದರ ಗುಟ್ಟೇ ಇದು. ಲೀಡರ್‌ನ ಬಲಗೈ ಫಾಲೋವರ್‌ನ ಎಡ ಬೆನ್ನಿನ ರೆಕ್ಕೆಯ ಮೇಲೆ ಕೂರುತ್ತದೆ. ಬೆನ್ನ ಮೇಲುಗಡೆ ತ್ರಿಕೋನದ ಹಾಗೆ ಚಪ್ಪಟೆ ಮೂಳೆ ಕೈಗೆ ಸಿಗುತ್ತದಲ್ಲ, ಅದರ ಮೇಲೆ. ಸೊಂಟದ ಮೇಲೆ ಅಲ್ಲ, ಅದು ಸಿನಿಮಾ. ಬೆರಳು ಕೂಡಿಕೊಂಡಿರಬೇಕು. ಫಾಲೋವರ್‌ನ ಎಡತೋಳು ಆ ಬಲತೋಳಿನ ಮೇಲೆ ಹಗುರವಾಗಿ ಮಲಗಿ, ಅಂಗೈ ಲೀಡರ್‌ನ ರಟ್ಟೆಯ ಮೇಲ್ಭಾಗಕ್ಕೆ ಬರುತ್ತದೆ. ಇನ್ನೊಂದು ಕಡೆ ಇಬ್ಬರ ಕೈ ಕೂಡುವ ಜಾಗ, ಇಬ್ಬರಲ್ಲಿ ಗಿಡ್ಡ ಯಾರೋ ಅವರ ಕಣ್ಣಿನ ಮಟ್ಟಕ್ಕೆ. ಮೊಣಕೈ ಹೆಗಲಿಗಿಂತ ಚೂರು ಕೆಳಗೆ, ಎದೆಗಿಂತ ಚೂರು ಮುಂದೆ. ಬೆನ್ನ ಹಿಂದಕ್ಕೆ ಮೊಣಕೈ ಹೋಯಿತೋ, ಚೌಕಟ್ಟು ಮುರಿಯಿತು ಅಂತಲೇ ಅರ್ಥ.

ಇಷ್ಟನ್ನು ಯಾರು ಬೇಕಾದರೂ ನಿಂತ ಜಾಗದಲ್ಲಿ ಮಾಡಬಹುದು. ಹಾಡು ಶುರುವಾಗಿ ಒಂದು ನಿಮಿಷ ಆಗಲಿ ನೋಡಿ. ಮೊಣಕೈ ಇಳಿಯುತ್ತದೆ.

ಯಾಕೆ ಇಳಿಯುತ್ತದೆ ಅನ್ನುವುದೇ ಈ ಲೇಖನದ ತಿರುಳು. ಒಂದು ತೋಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇಕಡಾ 5. ನೀವು 70 ಕಿಲೋ ಇದ್ದರೆ ಒಂದೊಂದು ತೋಳೂ ಮೂರೂವರೆ ಕಿಲೋ. ಅದನ್ನು ಪಕ್ಕಕ್ಕೆ ಎತ್ತಿ ಹಿಡಿಯುವುದು ಹೆಗಲ ಮೇಲಿನ ಗುಂಡನೆಯ ಸ್ನಾಯು, ಡೆಲ್ಟಾಯ್ಡ್. ಅದು ಎಷ್ಟು ಹೊತ್ತು ತಡೆದೀತು ಅನ್ನುವುದು ತೋಳಿನ ಬುಡ ಎಷ್ಟು ಭದ್ರವಾಗಿದೆ ಅನ್ನುವುದರ ಮೇಲೆ ನಿಂತಿದೆ. ತೋಳಿನ ಬುಡ ಇರುವುದು ಬೆನ್ನಿನ ರೆಕ್ಕೆಯಲ್ಲಿ. ಆ ಮೂಳೆ ಪಕ್ಕೆಲುಬುಗಳ ಮೇಲೆ ಅತ್ತಿತ್ತ ಜಾರುವಂಥದ್ದು. ಅದನ್ನು ಜಾಗದಲ್ಲಿ ಹಿಡಿದಿಡುವುದು ಬೆನ್ನಿನ, ಪಕ್ಕೆಯ ಸ್ನಾಯುಗಳು. ಅವು ಸುಮ್ನೆ ಮಲಗಿದ್ದರೆ ಡೆಲ್ಟಾಯ್ಡ್ ಒಂದೇ ಒದ್ದಾಡುತ್ತದೆ. ಅದಕ್ಕೆ ಸುಸ್ತಾದಾಗ ಕತ್ತಿನ ಪಕ್ಕದ ಸ್ನಾಯು ಸಹಾಯಕ್ಕೆ ಓಡಿ ಬಂದು ಹೆಗಲನ್ನು ಕಿವಿಯ ಹತ್ತಿರಕ್ಕೆ ಎತ್ತುತ್ತದೆ. ಅದೂ ಸೋತಾಗ ಮೊಣಕೈ ಬೀಳುತ್ತದೆ. ನೆಟ್ಟ ಕಂಬ ಅಲ್ಲಾಡುತ್ತಿದ್ದರೆ ಮೇಲಿನ ಚಪ್ಪರ ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ? ನಮ್ಮ ಮೇಷ್ಟ್ರು ಕ್ಲಾಸಿಗೆ ನಾಲ್ಕು ಸಲ ಹೇಳುವ ಮಾತು: 'ಸಾರ್, ಕೈ ಮರೆತುಬಿಡಿ, ಕಂಕುಳ ಕೆಳಗಿನಿಂದ ಹಿಡೀರಿ.' ಮೊದಲ ಮೂರು ತಿಂಗಳು ಇದೇನು ಒಗಟು ಅಂತ ನಗು ಬರುತ್ತಿತ್ತು.

ಅರ್ಥವಾಗಬೇಕಾದರೆ ಈಗಲೇ ಒಂದು ಕೆಲಸ ಮಾಡಿ. ಎರಡೂ ಕೈ ಮುಂದೆ ಚಾಚಿ ದೊಡ್ಡ ಡ್ರಮ್ ಒಂದನ್ನು ತಬ್ಬಿಕೊಂಡ ಹಾಗೆ ಹಿಡಿಯಿರಿ. ಹೆಗಲು ಕಿವಿಯವರೆಗೆ ಎತ್ತಿ. ಈಗ ಕೈ ಅಲ್ಲಾಡಿಸದೆ ಬೆನ್ನಿನ ರೆಕ್ಕೆಗಳನ್ನು ಪ್ಯಾಂಟಿನ ಹಿಂದಿನ ಜೇಬಿನ ಕಡೆಗೆ ಜಾರಿಸಿ. ಕಂಕುಳ ಕೆಳಗೆ, ಪಕ್ಕೆಯಲ್ಲಿ ಏನೋ ಬಿಗಿದ ಹಾಗೆ ಆಯಿತಲ್ವಾ? ಕತ್ತು ಉದ್ದ ಆಯಿತು. ತೋಳು ಹಗುರ ಆಯಿತು, ತೂಕ ಕಡಿಮೆ ಆಗಿದ್ದರಿಂದ ಅಲ್ಲ, ಹೊರುವವರು ಜಾಸ್ತಿ ಆಗಿದ್ದರಿಂದ. ಮೇಷ್ಟ್ರ ಒಗಟಿಗೆ ಉತ್ತರ ಅದೇ.

ನನ್ನ ಹೆಂಡತಿಗೆ ಮಾತ್ರ ಮೊದಲ ದಿನವೂ ಮೊಣಕೈ ಬೀಳಲಿಲ್ಲ. ಅವಳು ಚಿಕ್ಕವಳಿದ್ದಾಗ ಏಳು ವರ್ಷ ಭರತನಾಟ್ಯ ಕಲಿತವಳು. ನಾಟ್ಯಾರಂಭೆಯಲ್ಲಿ ಎರಡೂ ತೋಳು ಹೆಗಲ ಮಟ್ಟಕ್ಕೆ ಚಾಚಿ ಅಡವು ಮಾಡಿಸುತ್ತಾರೆ, ಮೊಣಕೈ ಇಳಿದರೆ ಕೋಲು ಸದ್ದು ಮಾಡುತ್ತದೆ. ಆ ಏಳು ವರ್ಷದ ಬೆನ್ನು ಎಲ್ಲೂ ಹೋಗಿರಲಿಲ್ಲ. ಅವಳ ತೊಂದರೆ ಬೇರೆ. ಒಂಟಿಯಾಗಿ ಕುಣಿದು ಅಭ್ಯಾಸ ಆದವಳು, ನನ್ನ ಲೀಡ್‌ಗೆ ಕಾಯದೆ ಮುಂದಿನ ಹೆಜ್ಜೆ ತಾನೇ ಇಟ್ಟುಬಿಡುತ್ತಿದ್ದಳು. ಕೇಳಿದರೆ, 'ರೀ, ನೀವು ಹೇಳೋದೇ ಗೊತ್ತಾಗಲ್ಲ, ನಾನೇನು ಮಾಡ್ಲಿ?' ಅವಳು ಹೇಳಿದ್ದು ಸತ್ಯವೇ. ಹಾಸಿಗೆ ಏನು ಹೇಳೀತು?

ಹಾಸಿಗೆ ಆಗಬಾರದು ಅಂತ ನಾನು ಮುಂದಿನ ವಾರ ಕಬ್ಬಿಣದ ಗೇಟ್ ಆದೆ. ತೋಳು ಸೆಟೆದು, ಬೆರಳು ಬಿಗಿದು, ಹಲ್ಲು ಕಚ್ಚಿ. ಹಾಡು ಮುಗಿದ ಮೇಲೆ ಅವಳು ರೆಕ್ಕೆಯ ಹತ್ತಿರ ಕೈ ಹಾಕಿ ಉಜ್ಜಿಕೊಳ್ಳುತ್ತಿದ್ದಳು. ನನ್ನ ಐದು ಬೆರಳಿನ ಗುರುತು ಕುರ್ತಾದ ಮೇಲೆ ಬೆವರಿನಲ್ಲಿ ಮೂಡಿತ್ತು. ಫ್ರೇಮ್ ವಿಷಯದಲ್ಲಿ ಜನ ಮಾಡುವ ಎರಡನೇ ತಪ್ಪು ಇದು, ಮೊದಲನೆಯದಕ್ಕಿಂತ ಇದೇ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಸಡಿಲ ತೋಳಿನವನಿಂದ ಪಾರ್ಟ್ನರ್‌ಗೆ ಏನೂ ತಿಳಿಯುವುದಿಲ್ಲ ಅಷ್ಟೇ. ಸೆಟೆದ ತೋಳಿನವನಿಂದ ನೋವಾಗುತ್ತದೆ, ಮೇಲಾಗಿ ಅವನಿಗೂ ಅವಳಿಂದ ಏನೂ ತಿಳಿಯುವುದಿಲ್ಲ. ಇಂಗ್ಲಿಷಿನವರು ಇಲ್ಲಿ ಟೋನ್ ಅನ್ನುವ ಮಾತು ಬಳಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ಒಳ್ಳೇ ಮಾತು ಇದೆ, ಹದ. ಮುದ್ದೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ತೋಳಿನ ಹದವೂ ಹಾಗೇ. ಯಾರಾದರೂ ನಿಮ್ಮ ಅಂಗೈಯನ್ನು ಮೆಲ್ಲಗೆ ಒತ್ತಿದರೆ ಮೊಣಕೈ ಮಡಿಚಬಾರದು, ಆ ಒತ್ತಡ ಬೆನ್ನಿನವರೆಗೆ ಬಂದು ನಿಮ್ಮ ಇಡೀ ದೇಹ ಚೂರು ಹಿಂದಕ್ಕೆ ಹೋಗಬೇಕು. ಬಂದಷ್ಟೇ ಒತ್ತಡ ವಾಪಸ್ ಕೊಡಿ. ಜಾಸ್ತಿ ಕೊಟ್ಟರೆ ಜಗಳ, ಕಡಿಮೆ ಕೊಟ್ಟರೆ ಹಾಸಿಗೆ.

ಹದ ಬಂದ ಮೇಲೆ ಲೀಡ್ ಮಾಡುವುದು ಅಂದರೆ ಏನು ಅಂತ ತಿಳಿಯುತ್ತದೆ. ಹೊಸಬರು ಪಾರ್ಟ್ನರ್‌ನ ಕೈಯನ್ನು ಸ್ಟಿಯರಿಂಗ್ ಮಾಡಿಕೊಂಡು ತಿರುಗಿಸುತ್ತಾರೆ. ಎಡಗೈ ಒಂದು ಕಡೆ ತಳ್ಳುವುದು, ಬಲಗೈ ಒಂದು ಕಡೆ ಎಳೆಯುವುದು. ಫ್ರೇಮ್ ಸರಿ ಇದ್ದರೆ ಕೈಗೆ ಕೆಲಸವೇ ಇಲ್ಲ. ನೀವು ನಿಮ್ಮ ಎದೆಗೂಡು ತಿರುಗಿಸುತ್ತೀರಿ, ತೋಳು ಎದೆಗೂಡಿಗೆ ಅಂಟಿಕೊಂಡಿರುವುದರಿಂದ ತಾನೂ ತಿರುಗುತ್ತದೆ, ನಿಮ್ಮ ಬಲಗೈ ಮೊಳೆ ಹೊಡೆದ ಹಾಗೆ ಅವಳ ರೆಕ್ಕೆಯ ಮೇಲಿರುವುದರಿಂದ ಅವಳೂ ತಿರುಗುತ್ತಾಳೆ. ನೊಗದ ಎತ್ತುಗಳನ್ನು ನೋಡಿ, ಒಂದು ಬಲಕ್ಕೆ ಹೊರಳಿದರೆ ಇನ್ನೊಂದಕ್ಕೆ ಯಾರೂ ಹೇಳಬೇಕಾಗಿಲ್ಲ. ಅದಕ್ಕೇ ಒಂದು ಅಭ್ಯಾಸ ಮಾಡಿಸುತ್ತಾರೆ: ಹೋಲ್ಡ್ ಬಿಟ್ಟು, ಅಂಗೈಗೆ ಅಂಗೈ ಮಾತ್ರ ಇಟ್ಟು, ಹಾಲ್‌ನ ಉದ್ದಕ್ಕೆ ಹಿಂದೆ ಮುಂದೆ ನಡೆಯುವುದು. ಹಾಡೂ ಬೇಡ. ನಾವಿಬ್ಬರೂ ಇದನ್ನು ಟೆರೇಸ್ ಮೇಲೆ ಮಾಡುವಾಗ ಒಂದು ಸಂಜೆ ನಾನು ಹೆಜ್ಜೆ ಎತ್ತುವ ಮುಂಚೆಯೇ ಅವಳ ಕಾಲು ಹಿಂದಕ್ಕೆ ಸರಿಯಿತು. ಮತ್ತೆ ಆತುರಪಟ್ಟಳು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನನ್ನ ಎದೆ ಆಗಲೇ ಹೊರಟಿತ್ತು, ಕಾಲಷ್ಟೇ ತಡ.

ಫಾಲೋ ಮಾಡುವವರ ಭಂಗಿ ಸ್ವಲ್ಪ ಬೇರೆ. ಸ್ಪರ್ಧೆಯ ವಿಡಿಯೋಗಳಲ್ಲಿ ಹೆಣ್ಣುಮಕ್ಕಳು ಎಡಕ್ಕೆ, ಹಿಂದಕ್ಕೆ ಹೂ ಅರಳಿದ ಹಾಗೆ ಚಾಚಿರುತ್ತಾರೆ. ಅದನ್ನು ನೋಡಿ ಹೊಸಬರು ಸೊಂಟದಿಂದ ಹಿಂದಕ್ಕೆ ಬಾಗುತ್ತಾರೆ. ದಯವಿಟ್ಟು ಬೇಡ, ಬೆನ್ನು ಹಿಡಿದುಕೊಳ್ಳುತ್ತದೆ. ಆ ಚಾಚು ಇರುವುದು ಬೆನ್ನಿನ ಮೇಲ್ಭಾಗದಲ್ಲಿ, ರೆಕ್ಕೆಗಳ ನಡುವೆ, ಅದೂ ಮೊದಲು ಮೇಲಕ್ಕೆ, ಆಮೇಲೆ ಎಡಕ್ಕೆ. ಸೊಂಟ ಲೀಡರ್‌ನಿಂದ ದೂರ ಸರಿಯುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಕೆಲಸ ಅದು. ಶುರುವಿನಲ್ಲಿ ತಲೆ ಎಡಕ್ಕೆ ತಿರುಗಿ ಲೀಡರ್‌ನ ಬಲ ಹೆಗಲಿನ ಮೇಲಿಂದ ದೂರ ನೋಡಿದರೆ ಸಾಕು. ಲೀಡರ್ ಕೂಡ ಹಾಗೇ ಎದುರಿನವರ ಬಲ ಹೆಗಲಿನ ಆಚೆ ನೋಡಬೇಕು. ಇಬ್ಬರೂ ಪಾದ ನೋಡಿಕೊಂಡರೆ ಐದೈದು ಕಿಲೋದ ಎರಡು ತಲೆ ಒಳಕ್ಕೆ ಬಾಗಿ, ಆಡು ಹಾಯುವ ಹಾಗೆ ಕಾಣುತ್ತದೆ. ಇನ್ನು ಫಾಲೋವರ್‌ನ ಎಡತೋಳು. ಅದು ಲೀಡರ್‌ನ ತೋಳಿನ ಮೇಲಿರುತ್ತದೆ, ಆದರೆ ಅದರ ಭಾರ ಹೊರುವುದು ಅವಳ ಬೆನ್ನೇ. ಲೀಡರ್‌ನ ಬಲ ಮೊಣಕೈ ಇಳಿದರೆ ಅವಳ ಎಡ ಪಕ್ಕ ಪೂರ್ತಿ ಕುಸಿಯುತ್ತದೆ, ಆಮೇಲೆ ಅವಳಿಗೆ 'ನೆಟ್ಟಗೆ ನಿಲ್ಲು' ಅಂತ ಹೇಳಿ ಏನೂ ಪ್ರಯೋಜನ ಇಲ್ಲ. ಅವಳ ಭಂಗಿ ಕೆಟ್ಟಿದೆ ಅನ್ನಿಸಿದಾಗ ಗಂಡಸರು ಮೊದಲು ತಮ್ಮ ಬಲ ಮೊಣಕೈ ನೋಡಿಕೊಳ್ಳುವುದು ಒಳ್ಳೆಯದು.

ವಾಲ್ಟ್ಜ್‌ನಲ್ಲಿ ದೇಹ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರುವುದು ಪಾದ, ಕಣಕಾಲು, ಮಂಡಿಯಿಂದ. ಹೊಸಬರು ಹೆಗಲಿನಿಂದ ಏರುತ್ತಾರೆ. ಏರುವಾಗ ಹೆಗಲು ಅಲ್ಲೇ ಇದೆಯಾ ಅಂತ ನೋಡಿಕೊಳ್ಳಿ, ಅಷ್ಟೇ.

ಸ್ಪರ್ಧೆಯ ಗಂಡಸರು ಹಾಕುವ ಟೇಲ್ ಸೂಟಿನ ವಿಷಯ ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ಮಾಮೂಲಿ ಕೋಟು ಹಾಕಿ ಎರಡೂ ಕೈ ಎತ್ತಿ ನೋಡಿ, ಹೆಗಲ ಪ್ಯಾಡ್ ಕಿವಿಗೆ ಬರುತ್ತದೆ, ಕಾಲರ್ ಎದ್ದು ನಿಲ್ಲುತ್ತದೆ. ಡಾನ್ಸ್ ಸೂಟನ್ನು ಹೊಲಿಯುವವರು ಕೈ ಎತ್ತಿ ಹೋಲ್ಡ್‌ನಲ್ಲಿ ನಿಲ್ಲಿಸಿ ಅಳತೆ ನೋಡುತ್ತಾರೆ. ಕೈ ಎತ್ತಿದಾಗಲೇ ಅದು ಮಟ್ಟಸವಾಗಿ ಕೂರುವುದು. ಆ ಸೂಟಿಗೆ ಮೊಣಕೈ ಇಳಿಸಿದ ಮನುಷ್ಯ ಲೆಕ್ಕಕ್ಕೇ ಇಲ್ಲ.

ಇದೆಲ್ಲ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್, ವಿಯೆನ್ನೀಸ್ ವಾಲ್ಟ್ಜ್‌ಗೆ ಹೊಂದುತ್ತದೆ. ಬಾಲ್‌ರೂಮ್ ಟ್ಯಾಂಗೋದಲ್ಲಿ ಹೋಲ್ಡ್ ಇನ್ನೂ ಇಕ್ಕಟ್ಟು. ಲೀಡರ್‌ನ ಬಲಗೈ ಬೆನ್ನುಮೂಳೆಯ ಕಡೆಗೆ ಇನ್ನಷ್ಟು ಒಳಗೆ ಹೋಗುತ್ತದೆ, ಫಾಲೋವರ್‌ನ ಎಡಗೈ ಲೀಡರ್‌ನ ತೋಳಿನ ಅಡಿಗೆ ಸೇರುತ್ತದೆ, ಮಂಡಿ ಸದಾ ಬಾಗಿರುತ್ತದೆ, ಏರಿಳಿತ ಇಲ್ಲ. ರುಂಬಾ, ಚಾ ಚಾ ಚಾ ಥರದ ಲ್ಯಾಟಿನ್ ಕುಣಿತಗಳಲ್ಲಿ ಇಬ್ಬರೂ ದೂರ ನಿಂತು ಎಷ್ಟೋ ಸಲ ಒಂದೇ ಕೈಯಲ್ಲಿ ಮಾತಾಡಬೇಕು. ಅಲ್ಲೂ ಮಾತು ಹೊರಡುವುದು ಬೆನ್ನಿನಿಂದಲೇ.

ಮನೆಯಲ್ಲಿ ಏನು ಮಾಡಬಹುದು ಅಂತ ಕೇಳಿದರೆ, ನಾನು ಮಾಡುವುದು ಎರಡೇ. ಒಂದು, ಪೊರಕೆ ಕೋಲು. ಎರಡೂ ತೋಳನ್ನು ಹೋಲ್ಡ್‌ಗೆ ಎತ್ತಿ, ಮೊಣಕೈಯಿಂದ ಮೊಣಕೈಗೆ ಕೋಲು ಅಡ್ಡ ಇಟ್ಟುಕೊಂಡು, ಅದು ಬೀಳದ ಹಾಗೆ ಅಡುಗೆ ಮನೆಯಿಂದ ಬಾಗಿಲವರೆಗೆ ನಡೆಯುವುದು. ಮೊದಲ ದಿನ ನಲವತ್ತು ಸೆಕೆಂಡು ತಡೆದರೆ ದೊಡ್ಡದು. ಎರಡು, ಗೋಡೆ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಎರಡು ಇಂಚು ಮುಂದಿಟ್ಟು, ಕುಂಡೆ, ಬೆನ್ನಿನ ರೆಕ್ಕೆ, ತಲೆಯ ಹಿಂಭಾಗ ಮೂರನ್ನೂ ಗೋಡೆಗೆ ತಾಗಿಸಿ ನಿಲ್ಲುವುದು. ಗಲ್ಲ ಮೇಲಕ್ಕೆ ಎತ್ತಬಾರದು. ಸೊಂಟದ ಹಿಂದೆ ಅಂಗೈ ತೂರುವಷ್ಟು ಮಾತ್ರ ಸಂದು ಇರಲಿ, ಮುಷ್ಟಿ ತೂರಿದರೆ ಪಕ್ಕೆಲುಬು ಉಬ್ಬಿದೆ ಅಂತ. ಹಾಗೇ ನಿಂತು ಎರಡು ನಿಮಿಷ ಉಸಿರಾಡಿ, ಆಮೇಲೆ ಆ ಆಕಾರ ಕೆಡದ ಹಾಗೆ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬನ್ನಿ. ನನಗೆ ಮೊದಲು ತಲೆ ಗೋಡೆಗೆ ತಾಗುತ್ತಲೇ ಇರಲಿಲ್ಲ, ನಾಲ್ಕು ಬೆರಳು ದೂರ ಉಳಿಯುತ್ತಿತ್ತು. ಈಗ ತಾಗುತ್ತದೆ. ಹೇಗೆ ಗೊತ್ತು ಅಂದರೆ, ನಡುಮನೆಯ ಗೋಡೆಯ ಮೇಲೆ ನನ್ನ ಎತ್ತರಕ್ಕೆ ಸರಿಯಾಗಿ ಕೊಬ್ಬರಿ ಎಣ್ಣೆಯ ದುಂಡನೆ ಕಲೆ ಬಿದ್ದಿದೆ. ಹೊಸದಾಗಿ ಬಣ್ಣ ಹೊಡೆಸಿದ ಬಾಡಿಗೆ ಮನೆ. ಹೆಂಡತಿ ಅದರ ಮೇಲೆ ಕ್ಯಾಲೆಂಡರ್ ನೇತು ಹಾಕಿದ್ದಾಳೆ. ಈಗ ದಿನಾ ಬೆಳಿಗ್ಗೆ ಕ್ಯಾಲೆಂಡರ್ ತೆಗೆದು, ನಿಂತು, ಮತ್ತೆ ಸಿಕ್ಕಿಸುತ್ತೇನೆ.